ಪದ್ಯ ಭಾಗವತರದ್ದು, ಅರ್ಥ ನಿನ್ನದು

ಅಜ್ಜನ ಯಕ್ಷಗಾನ ಪ್ರಸಂಗದ ಪುಸ್ತಕಗಳು ಈಗ ನನ್ನ ಹತ್ತಿರ ಇವೆ. ಒಟ್ಟು ಹನ್ನೊಂದು. ಎಲ್ಲಕ್ಕೂ ಹಳೇ ಕ್ಯಾಲೆಂಡರಿನ ಹಾಳೆಯಿಂದ ಹಾಕಿದ ಬೈಂಡು. ‘ಕರ್ಣಭೇದನ’ದ ಪುಸ್ತಕ ಬಿಡಿಸಿದರೆ ಇವತ್ತಿಗೂ ಸಣ್ಣಗೆ ಹೊಗೆಸೊಪ್ಪಿನ ವಾಸನೆ ಬರುತ್ತದೆ. ಒಂದು ಪುಟದ ಅಂಚಿನಲ್ಲಿ ಕವಳದ ಕಲೆ. ಅದರ ಪಕ್ಕದಲ್ಲೇ ಪೆನ್ಸಿಲ್ಲಿನಲ್ಲಿ ಅಜ್ಜನ ಅಕ್ಷರ: ‘ಇಲ್ಲಿ ನಿಧಾನ.’

ಅಷ್ಟೇ. ಅಲ್ಲಿ ಏನು ಹೇಳಬೇಕು ಅಂತ ಬರೆದುಕೊಂಡಿಲ್ಲ. ಎಲ್ಲಿ ನಿಧಾನ ಮಾಡಬೇಕು ಅಂತ ಮಾತ್ರ ಬರೆದುಕೊಂಡಿದ್ದಾನೆ.

ನಮ್ಮದು ಶಿರಸಿ ಕಡೆಯ ಒಂದು ಊರು. ತಾಳಮದ್ದಳೆ ಕೇಳಿ ಗೊತ್ತಿಲ್ಲದವರಿಗೆ ಎರಡು ಮಾತು ಹೇಳುತ್ತೇನೆ. ಯಕ್ಷಗಾನದಿಂದ ವೇಷ, ಕುಣಿತ, ರಂಗಸ್ಥಳ ಎಲ್ಲ ತೆಗೆದುಬಿಡಿ. ಉಳಿಯುವುದು ಭಾಗವತರು, ಮದ್ದಳೆ, ಚಂಡೆ, ಮತ್ತೆ ಎದುರುಬದುರು ಕೂತ ನಾಲ್ಕೈದು ಜನ ಅರ್ಥಧಾರಿಗಳು. ಭಾಗವತರು ಒಂದು ಪದ್ಯ ಹಾಡುತ್ತಾರೆ. ಅದು ಮುಗಿದ ಮೇಲೆ ಆ ಪಾತ್ರದವರು ಅದರ ಅರ್ಥ ಹೇಳುತ್ತಾರೆ. ಹೆಸರಿಗೆ ಅರ್ಥ. ನಾಲ್ಕು ಸಾಲಿನ ಪದ್ಯಕ್ಕೆ ಅರ್ಧ ಗಂಟೆ ಮಾತು ನಡೆಯುವುದುಂಟು. ಆ ಮಾತು ಯಾರೂ ಬರೆದು ಕೊಟ್ಟದ್ದಲ್ಲ. ಎದುರಿನವನು ಏನು ಕೇಳುತ್ತಾನೆ ಅಂತ ಮೊದಲೇ ಗೊತ್ತಿರುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನೋ ರಾವಣನನ್ನೋ ಕೇಳಿದವರು ವಯಸ್ಸಾದ ಮೇಲೂ ಆ ರಾತ್ರಿಯ ಮಾತನ್ನು ಎತ್ತಿಕೊಂಡು ಕೂರುತ್ತಾರೆ.

ಅಜ್ಜ ಅಂಥ ಹೆಸರಾದ ಅರ್ಥಧಾರಿ ಆಗಿರಲಿಲ್ಲ. ತೋಟ ಮಾಡಿಕೊಂಡಿದ್ದ. ಮಳೆಗಾಲದಲ್ಲಿ ಕೆಲಸ ಕಡಿಮೆ ಆದಾಗ ಯಾರದಾದರೂ ಮನೆ ಜಗಲಿಯಲ್ಲಿ ಕೂಟ ಆಗುತ್ತಿತ್ತು. ಅಲ್ಲಿ ಅಜ್ಜನಿಗೆ ಕರ್ಣನ ಪಾತ್ರ ಕಾಯಂ.

ಒಂದು ರಾತ್ರಿ ನನಗೆ ಚೆನ್ನಾಗಿ ನೆನಪಿದೆ. ಆಗ ನನಗೆ ಹನ್ನೊಂದೋ ಹನ್ನೆರಡೋ ವರ್ಷ. ನಮ್ಮದೇ ಮನೆ ಜಗಲಿ. ಹೊರಗೆ ಧೋ ಅಂತ ಮಳೆ. ಪಕ್ಕದೂರಿನ ಮಾಸ್ತರರು ಕೃಷ್ಣ. ಸಂಧಾನ ಮುರಿದಿದೆ. ಕೃಷ್ಣ ಹೊರಟಿದ್ದಾನೆ. ಹೊರಡುವಾಗ ಕರ್ಣನನ್ನು ರಥಕ್ಕೆ ಹತ್ತಿಸಿಕೊಂಡು, ಪಕ್ಕದಲ್ಲಿ ಕೂರಿಸಿಕೊಂಡು, ನಿನ್ನ ತಾಯಿ ಕುಂತಿ ಅನ್ನುತ್ತಾನೆ. ಕುಮಾರವ್ಯಾಸ ಇಲ್ಲಿ ‘ಮೈದುನತನದ ಸರಸ’ ಅಂತ ಒಂದು ಮಾತು ಇಡುತ್ತಾನೆ. ಎಂಥ ಮಾತು ನೋಡಿ. ಸಾಕುತಾಯಿ ರಾಧೆಯ ಮಡಿಲಲ್ಲಿ ಸೂತಪುತ್ರ ಅನ್ನಿಸಿಕೊಂಡೇ ಬೆಳೆದವನನ್ನು ದೇವರು ಹೆಗಲು ಮುಟ್ಟಿ, ಮೈದುನ ಅಂತ ತಮಾಷೆ ಮಾಡಿ, ಆಮೇಲೆ ಕತ್ತರಿ ಹಾಕುತ್ತಾನೆ.

ಮಾಸ್ತರರು ತಮ್ಮ ಮಾತು ಮುಗಿಸಿದರು. ಈಗ ಅಜ್ಜನ ಸರದಿ. ಅಜ್ಜ ಸುಮ್ಮನೆ ಕೂತ. ಹಂಚಿನ ಮೇಲೆ ಮಳೆ ಬೀಳುವ ಸದ್ದು ಬಿಟ್ಟರೆ ಏನೂ ಇಲ್ಲ. ಮರೆತುಹೋಯಿತೇನೋ ಅಂತ ನನಗೆ ಹೆದರಿಕೆ ಆಯಿತು. ಭಾಗವತರು ಒಮ್ಮೆ ಅಜ್ಜನ ಮುಖ ನೋಡಿದರು. ಆಮೇಲೆ ಅಜ್ಜ, ತೀರಾ ಸಣ್ಣ ದನಿಯಲ್ಲಿ, ಒಂದೇ ಪ್ರಶ್ನೆ ಕೇಳಿದ.

“ಕೃಷ್ಣಾ, ಈ ಸಂಗತಿ ರಾಧೆಗೆ ಗೊತ್ತಿದೆಯೇ?”

ಮಾಸ್ತರರಿಗೆ ತಕ್ಷಣ ಉತ್ತರ ಬರಲಿಲ್ಲ. ಬಾಗಿಲ ಹತ್ತಿರ ಕೂತಿದ್ದ ಹೆಂಗಸರಲ್ಲಿ ಯಾರೋ ಮೂಗು ಒರೆಸಿಕೊಂಡರು.

ಮರುದಿನ ತೋಟಕ್ಕೆ ಹೋಗುವಾಗ ನಾನು ಬಿಡದೆ ಕೇಳಿದೆ. “ಅಜ್ಜಾ, ಆ ಪದ್ಯದಲ್ಲಿ ರಾಧೆಯ ಹೆಸರೇ ಇರಲಿಲ್ಲವಲ್ಲ?”

“ಪದ್ಯ ಭಾಗವತರದ್ದು ಕೂಸೇ. ಅದನ್ನ ಮುಟ್ಲಾಗ. ಅರ್ಥ ನಿಂದು.”

ಅದು ಆಗ ನನಗೆ ಪೂರ್ತಿ ತಿಳಿಯಲಿಲ್ಲ. ಎಷ್ಟೋ ವರ್ಷ ಆದ ಮೇಲೆ ಮೂಲ ಭಾರತದ ಉದ್ಯೋಗಪರ್ವವನ್ನು ಓದುವಾಗ ಒಂದು ಜಾಗದಲ್ಲಿ ನಿಂತುಬಿಟ್ಟೆ. ಕರ್ಣ ಕೃಷ್ಣನಿಗೆ ಹೇಳುತ್ತಾನೆ: ನನ್ನನ್ನು ಎತ್ತಿಕೊಂಡ ಕೂಡಲೇ ಪ್ರೀತಿಗೆ ರಾಧೆಯ ಎದೆಯಲ್ಲಿ ಹಾಲು ಇಳಿಯಿತು. ನನ್ನ ಉಚ್ಚೆ, ಹೇಲು ಬಳಿದವಳು ಅವಳು. ಅವಳಿಗೆ ಪಿಂಡ ಇಡುವುದನ್ನು ನಾನು ಹೇಗೆ ತಪ್ಪಿಸಲಿ? ಇಷ್ಟು ನೇರವಾಗಿ ಇದೆ ಆ ಮಾತು. ಅಜ್ಜ ಅದನ್ನು ಓದಿದ್ದನೋ ಇಲ್ಲವೋ ಗೊತ್ತಿಲ್ಲ. ಆದರೆ ಅವನ ಪ್ರಶ್ನೆ ಸರಿಯಾದ ಜಾಗದಲ್ಲೇ ಹುಟ್ಟಿತ್ತು.

ಹಳೇ ಕಥೆಯನ್ನು ಹೊಸದಾಗಿ ಹೇಳುವುದರ ಬಗ್ಗೆ ನನಗೆ ಗೊತ್ತಿರುವುದೆಲ್ಲ ಆ ಒಂದು ಮಾತಿನಿಂದ ಬಂದದ್ದು.

ನಮಗೆ ಕನ್ನಡದವರಿಗೆ ಇದು ಹೊಸದಲ್ಲ ಬಿಡಿ. ಕುಮಾರವ್ಯಾಸನ ಕಾಲಕ್ಕೇ ರಾಮಾಯಣದ ಕವಿಗಳ ಭಾರಕ್ಕೆ ಫಣಿರಾಯ, ಅಂದರೆ ಭೂಮಿ ಹೊತ್ತ ಆದಿಶೇಷ, ತಿಣುಕಿದ್ದ. ಅದಕ್ಕೂ ಸುಮಾರು ಐನೂರು ವರ್ಷ ಮೊದಲು, 941ರಲ್ಲಿ, ಪಂಪ ಇಡೀ ಭಾರತವನ್ನು ತನ್ನ ರಾಜ ಅರಿಕೇಸರಿಗೆ ಹೊಂದಿಸಿ ಹೇಳಿದ. ಅರ್ಜುನನೇ ಅರಿಕೇಸರಿ. ಅದಕ್ಕಾಗಿ ಪಂಪ ಪದ್ಯವನ್ನೇ ಮುಟ್ಟಿದ. ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿ ಮಾಡಿದ. ಕೊನೆಗೆ ಪಟ್ಟದಲ್ಲಿ ಅರ್ಜುನನ ಪಕ್ಕ ಸುಭದ್ರೆಯನ್ನು ಕೂರಿಸಿದ. ತುಂಬಿದ ಸಭೆಯಲ್ಲಿ ಮುಡಿ ಬಿಚ್ಚಿ ನಿಂತವಳು, ಹದಿಮೂರು ವರ್ಷ ಕಾದವಳು, ಕೊನೆಗೆ ಪಟ್ಟದಲ್ಲಿಲ್ಲ. ಪಂಪನ ಮೇಲೆ ನನಗೆ ಎಷ್ಟೇ ಪ್ರೀತಿ ಇದ್ದರೂ ಇದನ್ನು ಒಪ್ಪಿಕೊಳ್ಳಲು ಆಗಿಲ್ಲ. ಆದರೆ ಅದೇ ಪಂಪ ಕರ್ಣನ ಹತ್ತಿರ ಬಂದಾಗ ರಾಜನನ್ನು ಮರೆತುಬಿಡುತ್ತಾನೆ. ಭಾರತದಲ್ಲಿ ಬೇರೆ ಯಾರನ್ನೂ ನೆನೆಯಬೇಡಣ್ಣ, ನೆನೆಯುವುದಾದರೆ ಕರ್ಣನನ್ನು ನೆನೆ ಅನ್ನುತ್ತಾನೆ. ಕಥಾನಾಯಕ ಅರ್ಜುನ, ಕಣ್ಣೀರು ಕರ್ಣನಿಗೆ. ಅಲ್ಲಿ ಪಂಪ ಯಾವ ಘಟನೆಯನ್ನೂ ಬದಲಾಯಿಸಲಿಲ್ಲ. ನಿಧಾನ ಮಾಡಿದ ಅಷ್ಟೇ.

ರನ್ನ ಇನ್ನೂ ಒಂದು ಹೆಜ್ಜೆ ಮುಂದೆ. ಮುಧೋಳದ ಬಳೆಗಾರರ ಮನೆಯ ಹುಡುಗ. ಅವನ ಗದಾಯುದ್ಧದಲ್ಲಿ ದುರ್ಯೋಧನ ಸಂಜಯನ ಜೊತೆ ಹೆಣಗಳ ನಡುವೆ ನಡೆದುಕೊಂಡು ಹೋಗುತ್ತಾನೆ. ದ್ರೋಣನ ಹೆಣ. ಅಭಿಮನ್ಯುವಿನ ಹೆಣ. ಶತ್ರುವಿನ ಮಗನ ಮುಂದೆ ಕೈಮುಗಿದು, ನಿನ್ನ ಸಾಹಸದ ಒಂದು ಚೂರಾದರೂ ನನ್ನ ಸಾವಿಗೆ ಸಿಗಲಿ ಎಂದು ಬೇಡುತ್ತಾನೆ. ಮುಂದೆ ತನ್ನದೇ ಮಗ ಲಕ್ಷಣಕುಮಾರ. ಅಪ್ಪನಿಗೆ ಮಗ ತರ್ಪಣ ಬಿಡಬೇಕು, ನೀನು ಕ್ರಮ ತಪ್ಪಿಸಿದೆಯಲ್ಲೋ ಮಗನೇ ಅನ್ನುತ್ತಾನೆ. ಆಮೇಲೆ ದುಶ್ಶಾಸನ. ಅಮ್ಮನ ಹಾಲು ಮೊದಲು ಕುಡಿದವನು ನಾನು, ಆಮೇಲೆ ನೀನು. ಸಾವಿನಲ್ಲಿ ಮಾತ್ರ ನೀನು ಮೊದಲಾದೆ. ಇದನ್ನು ನಾನು ಶಾಲೆಯಲ್ಲಿ ಅಂಕಕ್ಕಾಗಿ ಬಾಯಿಪಾಠ ಮಾಡಿದ್ದೆ. ಮೊನ್ನೆ ಅಣ್ಣ ತೀರಿಹೋದ ಗೆಳತಿಯೊಬ್ಬಳಿಗೆ ಫೋನಿನಲ್ಲಿ ಏನು ಹೇಳಬೇಕೋ ತಿಳಿಯದೆ ಒದ್ದಾಡುವಾಗ ಇದೇ ಸಾಲು ತಲೆಗೆ ಬಂತು. ಹೇಳಲಿಲ್ಲ. ಆದರೆ ಬಂತು.

ರನ್ನ ದುರ್ಯೋಧನನನ್ನು ಒಳ್ಳೆಯವನು ಮಾಡಲು ಹೋಗಲಿಲ್ಲ. ಅವನು ಸೋಲುತ್ತಾನೆ, ತೊಡೆ ಮುರಿಯುತ್ತದೆ, ಅದೆಲ್ಲ ಹಾಗೇ ಇದೆ. ಈಗೀಗ ಹಳೇ ಕಥೆ ತಿರುಗಿ ಹೇಳುವುದು ಅಂದರೆ ಕೆಟ್ಟವನನ್ನು ಒಳ್ಳೆಯವನು, ಒಳ್ಳೆಯವನನ್ನು ಕೆಟ್ಟವನು ಮಾಡುವುದು ಅಂತ ಆಗಿದೆ. ತಕ್ಕಡಿಯ ತಟ್ಟೆ ಅದಲು ಬದಲು ಮಾಡಿದರೆ ತೂಕ ಏನು ಬದಲಾಗುತ್ತದೆ? ನನಗೆ ಅದು ಬೇಗ ಬೇಸರ ಬರುತ್ತದೆ.

*

ನಾನು ನಿಧಾನ ಮಾಡಬೇಕು ಅಂದುಕೊಂಡ ಜಾಗ ಆದಿಪರ್ವದ ಕೊನೆಯಲ್ಲಿದೆ. ಖಾಂಡವವನ ದಹನ. ಕಥೆ ಎಲ್ಲರಿಗೂ ಗೊತ್ತು. ಶ್ವೇತಕಿ ರಾಜ ಹನ್ನೆರಡು ವರ್ಷ ಯಾಗ ಮಾಡಿ ತುಪ್ಪ ಸುರಿದ. ಅಗ್ನಿಗೆ ಅಜೀರ್ಣ ಆಯಿತು. ಅದು ಹೋಗಬೇಕಾದರೆ ಖಾಂಡವವನ ತಿನ್ನಬೇಕು. ಇಂದ್ರ ಮಳೆ ಸುರಿಸಿ ಬಿಡುತ್ತಿಲ್ಲ, ಯಾಕೆಂದರೆ ಅವನ ಗೆಳೆಯ, ಹಾವುಗಳ ರಾಜ ತಕ್ಷಕ ಆ ಕಾಡಿನಲ್ಲಿದ್ದಾನೆ. ಅಗ್ನಿ ಬ್ರಾಹ್ಮಣನ ವೇಷದಲ್ಲಿ ಬಂದು ಕೃಷ್ಣಾರ್ಜುನರನ್ನು ಕೇಳುತ್ತಾನೆ. ಗಾಂಡೀವ ಸಿಗುತ್ತದೆ, ಚಕ್ರ ಸಿಗುತ್ತದೆ. ಕಾಡು ಉರಿಯುತ್ತದೆ.

ಆ ಕಾಡಿನಲ್ಲಿ ಒಂದು ಹಕ್ಕಿ ಇತ್ತು. ಹೆಸರು ಜರಿತೆ. ಶಾರ್ಙ್ಗಕ ಅನ್ನುವ ಜಾತಿಯ ಹಕ್ಕಿ. ಮಂದಪಾಲ ಅಂತ ಒಬ್ಬ ಋಷಿ. ಮಕ್ಕಳಿಲ್ಲದೆ ಸತ್ತ ಕಾರಣ ಅವನಿಗೆ ಪುಣ್ಯಲೋಕ ಸಿಗಲಿಲ್ಲ. ಬೇಗ ಮಕ್ಕಳಾಗುವುದು ಹಕ್ಕಿಗಳಿಗೆ ಅಂತ ಯೋಚನೆ ಮಾಡಿ ಹಕ್ಕಿಯಾದ, ಜರಿತೆಯನ್ನು ಕೂಡಿಕೊಂಡ. ನಾಲ್ಕು ಮೊಟ್ಟೆ ಆದ ಮೇಲೆ ಲಪಿತೆ ಅನ್ನುವ ಇನ್ನೊಂದು ಹಕ್ಕಿಯ ಹಿಂದೆ ಹೋದ. ಬೆಂಕಿ ಬೀಳುವುದು ಅವನಿಗೆ ಮೊದಲೇ ಗೊತ್ತಾಯಿತು. ಅಗ್ನಿಯನ್ನು ಹೊಗಳಿ, ನನ್ನ ಮಕ್ಕಳನ್ನು ಸುಡಬೇಡ ಅಂತ ಮಾತು ತೆಗೆದುಕೊಂಡ. ಈ ಸುದ್ದಿಯನ್ನು ಜರಿತೆಗೆ ಯಾರೂ ಹೇಳಲಿಲ್ಲ.

ಇದೊಂದು ಸಾಲಿನಲ್ಲೇ ನನ್ನ ಮನಸ್ಸು ಎಷ್ಟೋ ದಿನ ಸಿಕ್ಕಿಕೊಂಡಿತ್ತು. ಅಭಯ ಸಿಕ್ಕಿದೆ. ಆದರೆ ಅದು ಬೇಕಾದವಳಿಗೆ ತಲುಪಿಲ್ಲ.

ಬೆಂಕಿ ಬರುತ್ತದೆ. ಮರಿಗಳಿಗೆ ಇನ್ನೂ ರೆಕ್ಕೆ ಮೂಡಿಲ್ಲ. ನಾಲ್ಕನ್ನೂ ಹೊತ್ತು ಹಾರಲು ಅವಳಿಂದ ಆಗುವುದಿಲ್ಲ. ಯಾರನ್ನು ಬಿಡಲಿ, ಯಾರನ್ನು ಒಯ್ಯಲಿ ಅಂತ ಅಳುತ್ತಾಳೆ. ಮೈಯಿಂದ ನಿಮ್ಮನ್ನು ಮುಚ್ಚಿಕೊಂಡು ನಿಮ್ಮ ಜೊತೆಗೇ ಸಾಯುತ್ತೇನೆ ಅನ್ನುತ್ತಾಳೆ. ಆಗ ಮರದ ಬುಡದಲ್ಲಿ ಒಂದು ಇಲಿಯ ಬಿಲ ಕಣ್ಣಿಗೆ ಬೀಳುತ್ತದೆ. ಇದರೊಳಗೆ ಇಳಿಯಿರಿ, ಬಾಯಿಗೆ ಮಣ್ಣು ಮುಚ್ಚುತ್ತೇನೆ, ಬೆಂಕಿ ಆರಿದ ಮೇಲೆ ಬಂದು ತೆಗೆಯುತ್ತೇನೆ. ಮರಿಗಳು ಒಪ್ಪುವುದಿಲ್ಲ. ನಾವು ಬರೀ ಮಾಂಸದ ಮುದ್ದೆ, ಇಲಿ ತಿನ್ನುತ್ತದೆ, ಅದಕ್ಕಿಂತ ಬೆಂಕಿ ಮೇಲು ಅನ್ನುತ್ತವೆ. ಇಲಿ ಇಲ್ಲ ಮಕ್ಕಳೇ, ಗಿಡುಗ ಹೊತ್ತುಕೊಂಡು ಹೋದದ್ದನ್ನು ನಾನೇ ನೋಡಿದ್ದೇನೆ, ಅದರ ಹಿಂದೆ ಹಾರಿ ಹೋಗಿ ಹರಸಿ ಬಂದಿದ್ದೇನೆ ಅನ್ನುತ್ತಾಳೆ. ಆ ಬಿಲದಲ್ಲಿ ಬೇರೆ ಇಲಿ ಇದ್ದರೆ? ಮರಿಗಳ ಪ್ರಶ್ನೆ.

ಕೊನೆಗೆ ಮರಿಗಳು ಒಂದು ಮಾತು ಹೇಳುತ್ತವೆ. ನಾವು ನಿನಗೆ ಏನೂ ಉಪಕಾರ ಮಾಡಿಲ್ಲ. ನಾವು ಯಾರು ಅಂತ ನಿನಗೆ ಗೊತ್ತೂ ಇಲ್ಲ. ನೀನು ನಮಗೆ ಯಾರು, ನಾವು ನಿನಗೆ ಯಾರು? ನಿನಗಿನ್ನೂ ಹರೆಯ ಇದೆ. ಗಂಡನ ಹತ್ತಿರ ಹೋಗು. ಒಳ್ಳೇ ಮಕ್ಕಳಾಗುತ್ತವೆ. ಬೆಂಕಿ ನಮ್ಮನ್ನು ಸುಡದೆ ಬಿಟ್ಟರೆ ಮತ್ತೆ ಬಾ.

ಜರಿತೆ ಹಾರಿ ಹೋಗುತ್ತಾಳೆ.

ಮೂಲದಲ್ಲಿ ಇದಕ್ಕೆ ಒಂದೇ ಶ್ಲೋಕದಷ್ಟು ಜಾಗ. ಬೆಂಕಿ ಇಲ್ಲದ ಕಡೆಗೆ ಬೇಗ ಹೋದಳು ಅಂತ. ಆಮೇಲೆ ಕಥೆ ಮರಿಗಳ ಜೊತೆ ಉಳಿಯುತ್ತದೆ. ಅವು ಒಂದೊಂದಾಗಿ ಅಗ್ನಿಯನ್ನು ಸ್ತುತಿಸುತ್ತವೆ. ಅಗ್ನಿ ಒಲಿಯುತ್ತಾನೆ. ಇನ್ನೇನು ಬೇಕು ಅಂದರೆ, ಈ ಬೆಕ್ಕುಗಳ ಕಾಟ ಜಾಸ್ತಿ, ಇವನ್ನು ಸುಡು ಅಂತ ಕೇಳಿಕೊಳ್ಳುತ್ತವೆ. ಎಷ್ಟಾದರೂ ಹಕ್ಕಿಮರಿಗಳಲ್ವಾ. ಆ ಹೊತ್ತಿನಲ್ಲಿ ಜರಿತೆ ಎಲ್ಲಿದ್ದಳು, ಏನು ಮಾಡುತ್ತಿದ್ದಳು? ಒಂದಕ್ಷರವೂ ಇಲ್ಲ. ಬೆಂಕಿ ಆರಿದ ಮೇಲೆ ಅಳುತ್ತಾ ಬಂದು ಒಂದೊಂದು ಮರಿಯನ್ನೂ ಮತ್ತೆ ಮತ್ತೆ ತಬ್ಬಿಕೊಂಡಳು ಅನ್ನುವಲ್ಲಿಗೇ ಅವಳು ನಮಗೆ ಮತ್ತೆ ಸಿಗುವುದು.

ಅಜ್ಜನ ಪೆನ್ಸಿಲ್ಲು ಇದ್ದಿದ್ದರೆ ಅಲ್ಲೇ ಗುರುತು ಹಾಕುತ್ತಿತ್ತು.

*

ನಾನು ಯಾಕೆ ಅಲ್ಲೇ ನಿಂತೆ ಅಂತ ಹೇಳದೆ ಹೋದರೆ ಈ ಬರಹ ಅರ್ಧ ಆಗುತ್ತದೆ.

ಮಗಳಿಗೆ ಹತ್ತು ತಿಂಗಳಾದಾಗ ಅವಳನ್ನು ಊರಿನಲ್ಲಿ ಆಯಿಯ, ಅಂದರೆ ನನ್ನ ಅಮ್ಮನ, ಹತ್ತಿರ ಬಿಟ್ಟು ನಾನು ಬೆಂಗಳೂರಿಗೆ ಕೆಲಸಕ್ಕೆ ಬಂದೆ. ಸಾಲ ಇತ್ತು. ಇಬ್ಬರ ಸಂಬಳವೂ ಬೇಕಿತ್ತು. ಮೂರು ವರ್ಷ ಹಾಗೇ ನಡೆಯಿತು. ಹದಿನೈದು ದಿನಕ್ಕೊಮ್ಮೆ ಶುಕ್ರವಾರ ರಾತ್ರಿ ಬಸ್ಸು ಹತ್ತಿದರೆ ಶನಿವಾರ ಬೆಳಿಗ್ಗೆ ಶಿರಸಿ. ಭಾನುವಾರ ಸಂಜೆ ವಾಪಸ್. ಮಗಳು ನನ್ನ ಆಯಿಯನ್ನೇ ಆಯಿ ಅಂದಳು. ನಾನು ‘ಬೆಂಗಳೂರಮ್ಮ’. ಹಾಲು ಬತ್ತುವ ತನಕ ಬಸ್ಸಿನಲ್ಲಿ ಕೂತಾಗ ಸೆರಗು ಒದ್ದೆಯಾಗುತ್ತಿತ್ತು. ಉದ್ಯೋಗಪರ್ವದಲ್ಲಿ ರಾಧೆಯ ಎದೆಹಾಲಿನ ಮಾತು ಓದಿದಾಗ ಪುಸ್ತಕ ಮುಚ್ಚಿಟ್ಟು ಎದ್ದು ಹೋಗಿದ್ದು ಅದಕ್ಕೇ.

ಒಂದು ಭಾನುವಾರ, ಅವಳಿಗೆ ಮೂರು ವರ್ಷ ದಾಟಿತ್ತು, ಬಸ್ ಸ್ಟಾಪಿನಲ್ಲಿ ನಾನು ಬಗ್ಗಿ ಮುತ್ತು ಕೊಡಲು ಹೋದೆ. ಅವಳು ಮುಖ ತಿರುಗಿಸಿ ಆಯಿಯ ಸೀರೆಯಲ್ಲಿ ಹುದುಗಿಸಿಕೊಂಡಳು. “ಬಸ್ಸು ಬಂತು. ಹೋಗು” ಅಂದಳು. ಅಷ್ಟೇ. ಅಳಲಿಲ್ಲ. ಆ ಎರಡು ಮಾತು ನನ್ನ ಜೊತೆ ಬೆಂಗಳೂರಿಗೆ ಬಂತು, ಎಷ್ಟೋ ವರ್ಷ ಮನೆಯಲ್ಲೇ ಇತ್ತು.

ಹಾಗಾಗಿ ನಾನು ಜರಿತೆಯ ಬಗ್ಗೆ ಮೊದಲು ಬರೆದದ್ದು ಒಂದು ಭಾಷಣ. ಯಮುನೆಯ ದಡದಲ್ಲಿ ಕೂತು ಅವಳು ಪುಟಗಟ್ಟಲೆ ಮಾತಾಡಿದಳು. ಮಂದಪಾಲನಿಗೆ ಬೈದಳು, ಲೋಕಕ್ಕೆ ಬೈದಳು, ತಾಯಂದಿರ ಪರವಾಗಿ ವಾದ ಮಾಡಿದಳು. ಓದಿ ನೋಡಿದರೆ ಅದರಲ್ಲಿ ಹಕ್ಕಿಯೇ ಇರಲಿಲ್ಲ. ಇದ್ದದ್ದು ನಾನು, ಹಕ್ಕಿಯ ಹೆಸರು ಇಟ್ಟುಕೊಂಡು. ಹರಿದು ಹಾಕಿದೆ. ನಮ್ಮ ನೋವು ಹೇಳಿಕೊಳ್ಳಲು ಹಳೇ ಪಾತ್ರದ ಬಾಯಿ ಬಾಡಿಗೆಗೆ ತೆಗೆದುಕೊಂಡರೆ ಆ ಪಾತ್ರ ಸತ್ತುಹೋಗುತ್ತದೆ. ನಮ್ಮ ನೋವಿನಿಂದ ಅದರ ನೋವು ಕಾಣಬೇಕು. ಅದು ಕಷ್ಟದ ಕೆಲಸ.

ಮತ್ತೆ ಮೂಲಕ್ಕೆ ಹೋದೆ. ಈ ಸಲ ಜರಿತೆಯ ಕಥೆ ಮಾತ್ರ ಓದದೆ, ಅದಕ್ಕೂ ಹಿಂದಿನ ಅಧ್ಯಾಯಗಳಿಂದ ಶುರು ಮಾಡಿದೆ. ಆಗ ಕಂಡದ್ದು ನೋಡಿ ಮೈ ಜುಮ್ಮೆಂದಿತು.

ಕೃಷ್ಣಾರ್ಜುನರು ಕಾಡಿನ ಎರಡು ಕಡೆ ರಥ ನಿಲ್ಲಿಸಿಕೊಂಡಿದ್ದಾರೆ. ಒಂದು ಪ್ರಾಣಿಯೂ ಹೊರಗೆ ಹೋಗಬಾರದು ಅಂತ. ಬೆಂಕಿಯಿಂದ ಮೇಲಕ್ಕೆ ಹಾರಿದ ಹಕ್ಕಿಗಳನ್ನು ಅರ್ಜುನ ಬಾಣದಿಂದ ಕತ್ತರಿಸಿ ಮತ್ತೆ ಬೆಂಕಿಗೇ ಬೀಳಿಸುತ್ತಿದ್ದಾನೆ. ತಕ್ಷಕ ಆ ದಿನ ಕುರುಕ್ಷೇತ್ರಕ್ಕೆ ಹೋಗಿದ್ದ. ಅವನ ಹೆಂಡತಿ ಮಗ ಅಶ್ವಸೇನನನ್ನು ಉಳಿಸಲು ಅವನನ್ನು ನುಂಗಿಕೊಂಡು ಆಕಾಶಕ್ಕೆ ನೆಗೆಯುತ್ತಾಳೆ. ಅರ್ಜುನ ಅವಳ ತಲೆ ಕತ್ತರಿಸುತ್ತಾನೆ. ಇಂದ್ರ ಎಬ್ಬಿಸಿದ ಗಾಳಿಮಳೆಯಲ್ಲಿ ಅರ್ಜುನನಿಗೆ ಒಂದು ಗಳಿಗೆ ಮೈಮರೆವು ಆಗಿ, ಮಗ ಮಾತ್ರ ತಪ್ಪಿಸಿಕೊಳ್ಳುತ್ತಾನೆ. ಮುಂದೆ ಇದೇ ಅಶ್ವಸೇನ ಕರ್ಣನ ಬಾಣದಲ್ಲಿ ಕೂತು ಬರುತ್ತಾನೆ. ಕೃಷ್ಣ ರಥವನ್ನು ನೆಲಕ್ಕೆ ಒತ್ತುತ್ತಾನೆ, ಅರ್ಜುನನ ಕಿರೀಟ ಮಾತ್ರ ಹೋಗುತ್ತದೆ. ಮತ್ತೊಮ್ಮೆ ಹೂಡು ಅಂತ ಸರ್ಪ ಬಂದು ಬೇಡಿದರೂ ತೊಟ್ಟ ಬಾಣವನ್ನು ಮತ್ತೆ ತೊಡುವುದಿಲ್ಲ ಅನ್ನುತ್ತಾನೆ ಕರ್ಣ. ಈ ಮಾತನ್ನು ಅಜ್ಜನ ಬಾಯಲ್ಲಿ ನಾನು ಎಷ್ಟು ಸಲ ಕೇಳಿಲ್ಲ! ಆದರೆ ಆ ಸರ್ಪದ ಸಿಟ್ಟಿನ ಹಿಂದೆ ಖಾಂಡವದಲ್ಲಿ ತಲೆ ಕಳೆದುಕೊಂಡ ಒಬ್ಬ ತಾಯಿ ಇದ್ದಾಳೆ ಅಂತ ಯೋಚಿಸಿರಲಿಲ್ಲ. ಖಾಂಡವದ ಆ ಕಥೆಯಲ್ಲಿ ಅವಳಿಗೆ ಒಂದು ಹೆಸರೂ ಇಲ್ಲ. ತಕ್ಷಕನ ಹೆಂಡತಿ, ಅಷ್ಟೇ.

ಒಂದೇ ಬೆಂಕಿ, ಇಬ್ಬರು ತಾಯಂದಿರು. ಒಬ್ಬಳು ಮಗನನ್ನು ಹೊಟ್ಟೆಯೊಳಗೆ ಇಟ್ಟುಕೊಂಡು ಹಾರಿದಳು. ಇನ್ನೊಬ್ಬಳು ಮಕ್ಕಳನ್ನು ಬಿಟ್ಟು ಹಾರಿದಳು.

ನಾನು ಅಲ್ಲಿಯವರೆಗೂ ಜರಿತೆ ಬಚಾವಾದಳು ಅಂತಲೇ ಓದಿಕೊಂಡಿದ್ದೆ. ಮರಿಗಳು ಅಪಾಯದಲ್ಲಿ, ತಾಯಿ ಸುರಕ್ಷಿತ. ಆದರೆ ಈ ಎರಡು ಅಧ್ಯಾಯ ಪಕ್ಕದಲ್ಲಿಟ್ಟು ನೋಡಿ. ಗೂಡಿನಲ್ಲಿದ್ದ ಮರಿಗಳಿಗೆ ಅಗ್ನಿಯ ಅಭಯ ಇತ್ತು. ಹಾರಿದವಳಿಗೆ ಯಾರ ಅಭಯವೂ ಇರಲಿಲ್ಲ. ಆ ದಿನ ಆ ಕಾಡಿನಲ್ಲಿ ಹಾರುವುದೇ ಸಾವಿನ ಕೆಲಸ. ಮುಗಿದ ಮೇಲೆ ಕವಿ ಲೆಕ್ಕ ಹೇಳುತ್ತಾನೆ: ಸುಡದೆ ಉಳಿದವರು ಆರು. ಅಶ್ವಸೇನ, ಮಯ, ಮತ್ತೆ ಈ ನಾಲ್ಕು ಮರಿಗಳು. ಜರಿತೆ ಲೆಕ್ಕದಲ್ಲಿ ಇಲ್ಲ. ಹೊರಗೆ ಹೋದವಳಲ್ಲವೇ, ಅವಳನ್ನು ಯಾರು ಎಣಿಸುತ್ತಾರೆ.

ಇನ್ನೊಂದು ವಿಷಯ. ಈ ಮರಿಗಳು ಹೇಗೆ ಉಳಿದವು ಅಂತ ವೈಶಂಪಾಯನರನ್ನು ಕೇಳುವವನು ಜನಮೇಜಯ. ಹಾವುಗಳನ್ನು ಬೆಂಕಿಗೆ ಹಾಕಿದ ಸರ್ಪಯಾಗದ ಯಜಮಾನ. ಅವನಿಗೆ ಆ ಪ್ರಶ್ನೆ ಕೇಳಬೇಕು ಅಂತ ಯಾಕೆ ಅನ್ನಿಸಿತೋ. ಅದು ಇನ್ನೊಂದು ದಿನದ ಬರಹ.

ಆಮೇಲೆ ಬರೆದದ್ದು ಹೀಗಿದೆ.

*

ಕೆಳಗೆ ಹೊಗೆ, ಮೇಲೆ ಬಾಣ. ನಡುವೆ ಒಂದು ಆಳೆತ್ತರದಷ್ಟು ಗಾಳಿ ಉಳಿದಿತ್ತು. ಜರಿತೆ ಅದರಲ್ಲಿ ಹಾರಿದಳು.

ಮುಂದೆ ಹೋಗುತ್ತಿದ್ದ ಗಿಳಿಗಳ ಹಿಂಡು ಒಮ್ಮೆಲೇ ಮೇಲಕ್ಕೆ ಎದ್ದಿತು. ಆಕಾಶ ಕಂಡ ಖುಷಿಗೆ. ಮರುಕ್ಷಣ ಹಸಿರು ಪುಕ್ಕ ಮಳೆಯ ಹಾಗೆ ಸುರಿಯಿತು. ಅವಳು ಮೇಲಕ್ಕೆ ಏಳಲಿಲ್ಲ. ಎದೆಯ ಪುಕ್ಕ ಸುಟ್ಟರೂ ಏಳಲಿಲ್ಲ.

ನೀರಿನ ವಾಸನೆ ಬಂದಲ್ಲಿ ಇಳಿದಳು. ಕಲ್ಲು ಬಿಸಿ ಇತ್ತು. ಒಂದು ಕಾಲು ಎತ್ತಿ, ಇನ್ನೊಂದು ಇಟ್ಟು, ಮತ್ತೆ ಅದನ್ನೆತ್ತಿ, ಹಾಗೇ ನಿಂತಳು. ಅಲ್ಲಿ ಬೇರೆ ಹಕ್ಕಿಗಳೂ ಇದ್ದವು. ಯಾರೂ ಯಾರನ್ನೂ ಕೇಳಲಿಲ್ಲ, ನಿಮ್ಮ ಮರಿಗಳೆಲ್ಲಿ ಅಂತ.

ಬೆಂಕಿಯ ಸದ್ದಿನಲ್ಲಿ ಮರಿಗಳ ಸದ್ದು ಹುಡುಕಿದಳು. ದಿನಾ ಬೆಳಿಗ್ಗೆ ಹುಳ ಹಿಡಿಯಲು ಹೋದಾಗ ನೂರು ಗೂಡಿನ ಕೂಗಿನಲ್ಲೂ ತನ್ನವು ನಾಲ್ಕು ಬೇರೆಯಾಗಿ ಕೇಳುತ್ತಿದ್ದವು. ಈಗ ಕೇಳುತ್ತಿಲ್ಲ. ಇಲ್ಲ ಅನ್ನುವುದಕ್ಕೋ, ದೂರ ಆಯಿತು ಅನ್ನುವುದಕ್ಕೋ, ತಿಳಿಯಲಿಲ್ಲ.

ಬಾಯಲ್ಲಿ ಏನೋ ಇತ್ತು. ಹೊರಡುವ ಮುಂಚೆ ಬಿಲದ ಬಾಯಿಗೆ ಮುಚ್ಚಲು ಕೊಕ್ಕಿನಲ್ಲಿ ತುಂಬಿಕೊಂಡ ಮಣ್ಣು. ಮರಿಗಳು ಬೇಡ ಅಂದಾಗ ಉಗುಳಲು ಮರೆತಿದ್ದಳು. ನೀರು ಕುಡಿಯಬೇಕಾದರೆ ಅದನ್ನು ಉಗುಳಬೇಕು.

ಅವಳು ನೀರು ಕುಡಿಯಲಿಲ್ಲ.

*

ಇದನ್ನು ಮಗಳಿಗೆ ಕೊಟ್ಟೆ. ಅವಳಿಗೀಗ ಹದಿನೇಳು. ಕನ್ನಡ ನಿಧಾನಕ್ಕೆ ಓದುತ್ತಾಳೆ, ಆದರೆ ಪೂರ್ತಿ ಓದುತ್ತಾಳೆ. ಜೊತೆಗೆ ಮೂಲದ ಅನುವಾದದ ಪುಟಗಳನ್ನೂ ಕೊಟ್ಟಿದ್ದೆ. ಅಡುಗೆಮನೆಯಲ್ಲಿ ನಾನು ಒಗ್ಗರಣೆ ಹಾಕುವಾಗ ಬಂದು ಬಾಗಿಲಿಗೆ ಒರಗಿ ನಿಂತಳು.

“ಮಣ್ಣಿನದ್ದು ಚೆನ್ನಾಗಿದೆ. ಆದ್ರೆ ಅಮ್ಮ, ನೀನು ಮರಿಗಳ ಮಾತನ್ನ ಬೇಗ ದಾಟಿಬಿಟ್ಟಿದ್ದೀಯ.”

“ಯಾವುದು?”

“ನೀನು ನಮಗೆ ಯಾರು ಅಂತ ಕೇಳ್ತಾವಲ್ಲ. ಅದಕ್ಕೂ ಮುಂಚೆ ಎಷ್ಟು ಹೊತ್ತು ವಾದ ಮಾಡಿದ್ದಾವೆ ನೋಡು. ಇಲಿ ಇದೆ, ಇಲಿ ಇಲ್ಲ, ಬೇರೆ ಇಲಿ ಇದೆ. ಅವಳು ಹೋಗ್ತಾನೇ ಇಲ್ಲ. ಬೆಂಕಿ ಹತ್ತಿರ ಬರ್ತಾ ಇದೆ. ಅದಕ್ಕೇ ಹಾಗೆ ಅಂದಿದ್ದು. ಅವಳು ಹೋಗ್ಲಿ ಅಂತ.”

ಸಾಸಿವೆ ಸಿಡಿದು ಮುಗಿದಿತ್ತು. ಒಲೆ ಆರಿಸಿದೆ. ಅವಳ ಮುಖ ನೋಡದೆ ಕೇಳಿದೆ, “ಶಿರಸಿಯ ಬಸ್ ಸ್ಟಾಪು ನಿನಗೆ ನೆನಪಿದೆಯಾ?”

“ಇಲ್ಲ. ಆಯಿ ಸೀರೆ ವಾಸನೆ ನೆನಪಿದೆ.” ಸ್ವಲ್ಪ ಹೊತ್ತು ಬಿಟ್ಟು, “ಯಾಕೆ?” ಅಂದಳು.

ಹೇಳಿದೆ. ಮೊದಲ ಸಲ ಹೇಳಿದ್ದು. ಅವಳು ಕೇಳಿಸಿಕೊಂಡಳು. ‘ನೀನು ಹೋಗಲಿ ಅಂತಲೇ ನಾನು ಆಗ ಹಾಗೆ ಅಂದಿರಬೇಕು’ ಅಂತ ಅವಳೇನೂ ಸಮಾಧಾನ ಮಾಡಲಿಲ್ಲ. ನೆನಪಿಲ್ಲದ್ದನ್ನು ಇದೆ ಅನ್ನುವ ಹುಡುಗಿ ಅಲ್ಲ ಅವಳು. ತಟ್ಟೆ ಹಾಕಿದಳು, ಊಟ ಮಾಡಿದೆವು.

ರಾತ್ರಿ ಮತ್ತೆ ಕೂತೆ. ಪದ್ಯ ಮುಟ್ಟಲಿಲ್ಲ. ಮೂಲದಲ್ಲಿ ಜರಿತೆ ಹೋದ ಮೇಲೆ ಅಗ್ನಿಯ ಎದುರು ಮೊದಲು ಬಾಯಿ ತೆರೆಯುವುದು ದೊಡ್ಡ ಮರಿ ಜರಿತಾರಿ. ಆ ಮಾತಿಗೂ ತಾಯಿ ಹಾರಿದ್ದಕ್ಕೂ ನಡುವೆ ಒಂದು ಸಣ್ಣ ಸಂದು ಇದೆ. ಅಲ್ಲಿ ಇಷ್ಟು ಸೇರಿಸಿದೆ.

ರೆಕ್ಕೆಯ ಸದ್ದು ನಿಂತಿತು. ನಾಲ್ಕೂ ಮರಿಗಳು ಸ್ವಲ್ಪ ಹೊತ್ತು ಉಸಿರು ಬಿಗಿಹಿಡಿದು ಕೂತವು.

“ಹೋದಳಾ?”

“ಹೊಗೆ. ಕಾಣ್ತಿಲ್ಲ.”

“ಬಾಣದ ಸದ್ದು?”

“ಆ ಕಡೆಯಿಂದ ಬರಲಿಲ್ಲ.”

“ಸರಿಯಾಗಿ ಕೇಳು.”

“ಬರಲಿಲ್ಲ.”

ಆಗ ಜರಿತಾರಿ ಬೆಂಕಿಯ ಕಡೆ ತಿರುಗಿತು.